ಟೈಬರ್ ನದಿಯಾಚೆಯ ಬೀದಿಗಳಲ್ಲಿ

(ಶತಮಾನೋತ್ಸವದ ಸಂಜೆಯ ಸಭೆಯಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳ ಹಬ್ಬದಲ್ಲಿ ನೂರು ವರ್ಷಗಳ ಚರಿತ್ರೆಯನ್ನು ಹೇಳಬೇಕೆಂಬುದು ನಿಮ್ಮೆಲ್ಲರ ನಿರೀಕ್ಷೆ. ಆ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಆದುದರಿಂದ ನಾವು ಇಂದು ದೂರದ ಒಂದು ಪಟ್ಟಣದ, ಅದರಲ್ಲಿಯೂ ಯಾತ್ರಿಕರ ಗದ್ದಲ ಕಡಿಮೆಯಿರುವ ಒಂದು ಹಳೆಯ ಕೇರಿಯ ವಿಷಯವನ್ನು ಹೇಳಬೇಕೆಂದಿದ್ದೇವೆ. ಕೊನೆಯಲ್ಲಿ ನಮ್ಮ ಊರಿಗೇ ಹಿಂದಿರುಗುತ್ತೇವೆ.

ಮೊದಲು ಒಂದು ತಪ್ಪೊಪ್ಪಿಗೆ. ಬಲಿಪೂಜಾ ಗ್ರಂಥದಲ್ಲಿರುವ ಮೊದಲನೆಯ ಮಹಾಪ್ರಾರ್ಥನೆಯನ್ನು, ಹಿರಿಯ ಗುರುಗಳು ‘ರೋಮನ್ ಕ್ಯಾನನ್’ ಎಂದು ಕರೆಯುತ್ತಿದ್ದ ಆ ಪುರಾತನ ಪ್ರಾರ್ಥನೆಯನ್ನು, ನೀವು ದೊಡ್ಡ ಹಬ್ಬಗಳಲ್ಲಿ ಕೇಳಿದ್ದೀರಿ. ಅದರಲ್ಲಿ ಎರಡು ಕಡೆ ಸಂತರ ಹೆಸರುಗಳ ಸಾಲು ಬರುತ್ತದೆ. ಕೆಲವು ಹೆಸರುಗಳನ್ನು ಗುರುವು ಹೇಳಲೇಬೇಕು. ಉಳಿದವುಗಳನ್ನು ಆವರಣ ಚಿಹ್ನೆಗಳೊಳಗೆ ಮುದ್ರಿಸಲಾಗಿದೆ, ಅವುಗಳನ್ನು ಬಿಡಲು ಅನುಮತಿಯುಂಟು. ಮೂವತ್ತು ವರ್ಷಗಳಿಗೂ ಮಿಗಿಲಾದ ಗುರುಜೀವನದಲ್ಲಿ, ಹೊತ್ತಾಯಿತೆಂದೋ, ಬಿಸಿಲೇರಿತೆಂದೋ, ನಾವು ಆ ಹೆಸರುಗಳನ್ನು ಎಷ್ಟು ಸಾರಿ ಬಿಟ್ಟಿದ್ದೇವೋ ದೇವರಿಗೇ ಗೊತ್ತು. ಆ ರೀತಿ ಬಿಟ್ಟ ಹೆಸರುಗಳಲ್ಲಿ ಎರಡು, ಕ್ರಿಸೋಗೊನ ಮತ್ತು ಸಿಸಿಲಿಯಾ. ೨೦೨೫ರ ಜ್ಯೂಬಿಲಿ ವರ್ಷದಲ್ಲಿ ಯಾತ್ರಿಕರ ಒಂದು ತಂಡದೊಡನೆ ನಾವು ರೋಮಾಪುರಿಗೆ ಹೋದಾಗ, ಆ ಇಬ್ಬರ ಮನೆಬಾಗಿಲಿಗೇ ಹೋಗಿ ನಿಲ್ಲುವ ಭಾಗ್ಯವೂ, ಜೊತೆಗೆ ನಾಚಿಕೆಯೂ ನಮ್ಮದಾಯಿತು.

ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ದಾಟಿದ ಮರುದಿನ ನಮಗೆ ಬಿಡುವಿತ್ತು. ತಂಡದಲ್ಲಿ ಬಹುಮಂದಿ ಮನೆಯವರಿಗಾಗಿ ಜಪಸರ, ಪದಕಗಳನ್ನು ಕೊಳ್ಳಲು ಹೊರಟರು. ನಾವೂ ನಮ್ಮ ವಿಚಾರಣೆಯ ಇಬ್ಬರು ಹಿರಿಯರೂ ಟೈಬರ್ ನದಿಯ ಕಡೆಗೆ ನಡೆದೆವು. ಆ ನದಿಯ ನಡುವೆ ಒಂದು ಪುಟ್ಟ ದ್ವೀಪವಿದೆ. ನಗರದ ಕಡೆಯಿಂದ ದ್ವೀಪಕ್ಕೆ ಹೋಗುವ ಫಾಬ್ರಿಚಿಯೊ ಸೇತುವೆ ಕ್ರಿಸ್ತಪೂರ್ವ ೬೨ರಲ್ಲಿ ಕಟ್ಟಿದ್ದು. ಯೇಸುಸ್ವಾಮಿ ಹುಟ್ಟುವ ಮೊದಲೇ ಇದ್ದ ಕಲ್ಲಿನ ಮೇಲೆ ಇಂದಿಗೂ ಜನ ನಡೆಯುತ್ತಾರೆ. ದ್ವೀಪದ ಮೇಲೆ ಪ್ರೇಷಿತ ಸಂತ ಬಾರ್ತೊಲೊಮಾಯರ ದೇವಾಲಯವಿದೆ. ಇವರು ಭಾರತಕ್ಕೆ ಬಂದು ಶುಭಸಂದೇಶವನ್ನು ಸಾರಿದರೆಂದು ನಾಲ್ಕನೆಯ ಶತಮಾನದ ಚರಿತ್ರಕಾರ ಯೂಸೇಬಿಯಸ್ ಕೇಳಿ ಬರೆದಿದ್ದಾನೆ. ಆ ‘ಭಾರತ’ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ನಮ್ಮ ಪಶ್ಚಿಮ ಕರಾವಳಿಯೇ ಎನ್ನುವವರೂ ಇದ್ದಾರೆ. ಅಲ್ಲಿ ಮೊಣಕಾಲೂರಿ, ಎರಡನೆಯ ಸೇತುವೆಯನ್ನು ದಾಟಿ ಆಚೆಯ ದಡವನ್ನು ಸೇರಿದೆವು. ಆ ದಡದ ಕೇರಿಯ ಹೆಸರು ತ್ರಾಸ್ತೆವೆರೆ. ಅರ್ಥ ಬಹು ಸರಳ: ‘ಟೈಬರಿನ ಆಚೆ’.

ನಮ್ಮ ಊರುಗಳಲ್ಲಿ ‘ಹೊಳೆಯಾಚೆಯವರು’ ಎನ್ನುವ ಮಾತಿನಲ್ಲಿ ಎಷ್ಟು ತಾತ್ಸಾರ ಸೇರಿರುತ್ತದೆಂಬುದು ನಿಮಗೆ ತಿಳಿದಿದೆ. ಪುರಾತನ ರೋಮಿನಲ್ಲಿಯೂ ಹಾಗೆಯೇ. ಅರಮನೆಗಳೂ ನ್ಯಾಯಸ್ಥಾನಗಳೂ ಈಚೆಯ ದಡದಲ್ಲಿ. ಹಡಗಿನ ಕೂಲಿಗಳು, ಚರ್ಮ ಹದ ಮಾಡುವವರು, ಸಿರಿಯಾದಿಂದ ಬಂದ ವರ್ತಕರು, ಯಹೂದ್ಯರು, ಪರದೇಶಿಗಳು ಆಚೆಯ ದಡದಲ್ಲಿ. ರೋಮಿನಲ್ಲಿ ಕ್ರಿಸ್ತನ ಹೆಸರು ಮೊದಮೊದಲು ಕೇಳಿಬಂದ ಕೇರಿಗಳಲ್ಲಿ ಇದೂ ಒಂದೆಂದು ಚರಿತ್ರಕಾರರು ಊಹಿಸುತ್ತಾರೆ. ನಮ್ಮ ವಿಶ್ವಾಸವು ಆ ಮಹಾನಗರವನ್ನು ಪ್ರವೇಶಿಸಿದ್ದು ಹೆಬ್ಬಾಗಿಲಿನಿಂದಲ್ಲ, ಹಿತ್ತಿಲಿನಿಂದ ಎನ್ನಬಹುದು.

ಇಂದಿನ ತ್ರಾಸ್ತೆವೆರೆಯನ್ನು ೧೯ನೆಯ ಶತಮಾನದ ಕೊನೆಯಲ್ಲಿ ಮಾಡಿದ ಅಗಲವಾದ ರಸ್ತೆಯೊಂದು ಎರಡು ಭಾಗ ಮಾಡಿದೆ. ಪಶ್ಚಿಮದ ಭಾಗದಲ್ಲಿ ಊಟದ ಅಂಗಡಿಗಳು, ಸಂಜೆಯ ಜನಸಂದಣಿ. ಪೂರ್ವದ ಭಾಗ ಮೌನವಾದುದು. ಕಪ್ಪು ಕಲ್ಲುಗಳನ್ನು ಹಾಸಿದ ಇಕ್ಕಟ್ಟಾದ ಬೀದಿಗಳು, ಕಾವಿ ಬಣ್ಣದ ಗೋಡೆಗಳು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆಗಳು. ಮೊದಲು ನಾವು ನೋಡಿದ್ದು ಒಂದು ಅತಿ ಪುಟ್ಟ ದೇವಾಲಯ, ಸಂತ ಬೆನೆದಿಕ್ತರದು. ಯುವಕ ಬೆನೆದಿಕ್ತರು ವಿದ್ಯಾಭ್ಯಾಸಕ್ಕೆಂದು ರೋಮಿಗೆ ಬಂದಾಗ ಇಲ್ಲಿ ತಂಗಿದ್ದರೆಂಬ ಪ್ರತೀತಿ. ಅದರ ಗಂಟೆಗೋಪುರವೂ ಪುಟ್ಟದು. ಅದರೊಳಗಿನ ಗಂಟೆಯ ಮೇಲೆ ೧೦೬೯ನೆಯ ಇಸವಿಯಿದೆ. ರೋಮಿನ ಗಂಟೆಗಳಲ್ಲೆಲ್ಲ ಅದೇ ಹಳೆಯದೆಂದು ಹೇಳುತ್ತಾರೆ. ನಗರದ ಅತಿ ಹಳೆಯ ದನಿ ಅತಿ ಚಿಕ್ಕ ಗೋಪುರದಲ್ಲಿದೆಯೆಂಬುದು ನಮ್ಮ ಮನಸ್ಸಿಗೆ ಹಿಡಿಸಿತು.

ಅಲ್ಲಿಂದ ಸ್ವಲ್ಪ ನಡೆದರೆ ಸಂತ ಸಿಸಿಲಿಯಮ್ಮನವರ ದೇವಾಲಯ. ಬೀದಿಯ ಬಾಗಿಲನ್ನು ದಾಟಿದೊಡನೆ ಒಂದು ಅಂಗಳ, ನಡುವೆ ಪುರಾತನವಾದ ಅಮೃತಶಿಲೆಯ ಕಲಶ, ಅದರ ಸುತ್ತ ಹೂಗಿಡಗಳು. ಅಂಗಳದಲ್ಲಿ ನೀರಿನ ಸದ್ದಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ.

ಸಿಸಿಲಿಯಮ್ಮನವರ ಕಥೆಯನ್ನು ನಮ್ಮ ಗಾನವೃಂದದವರೆಲ್ಲರೂ ಬಲ್ಲರು. ಪ್ರತಿವರ್ಷ ನವೆಂಬರ್ ೨೨ರಂದು ಅವರ ಹಬ್ಬವನ್ನು ಆಚರಿಸುತ್ತೇವೆ. ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ತನ್ನ ಹೃದಯದಲ್ಲಿ ದೇವರಿಗೆ ಹಾಡುತ್ತಿದ್ದಳೆಂಬ ವಾಕ್ಯದಿಂದಲೇ ಅವರು ಸಂಗೀತದ ಪಾಲಕರಾದರು. ಪತಿ ವಲೇರಿಯಾನನನ್ನೂ ಮೈದುನ ತಿಬುರ್ತಿಯನನ್ನೂ ವಿಶ್ವಾಸಕ್ಕೆ ತಂದು, ಕೊನೆಗೆ ಕತ್ತಿಯ ಮೂರು ಏಟುಗಳನ್ನು ತಿಂದು ಮೂರು ದಿನ ಬದುಕಿದ್ದು, ತನ್ನ ಮನೆಯನ್ನು ದೇವಾಲಯಕ್ಕೆ ಬಿಟ್ಟು ಪ್ರಾಣಬಿಟ್ಟರೆಂದು ಕಥೆ. ಈ ಕಥೆ ಬರಹಕ್ಕಿಳಿದದ್ದು ಐದನೆಯ ಶತಮಾನದಲ್ಲಿ, ಘಟನೆಯ ಬಹುಕಾಲದ ನಂತರ. ಅದರ ಎಲ್ಲ ವಿವರಗಳನ್ನೂ ಚರಿತ್ರಕಾರರು ಒಪ್ಪುವುದಿಲ್ಲ, ನಾವೂ ಒಪ್ಪಬೇಕಾಗಿಲ್ಲ. ಆದರೆ ದೇವಾಲಯದ ಕೆಳಗೆ ಮೆಟ್ಟಿಲಿಳಿದು ಹೋದರೆ ರೋಮನರ ಕಾಲದ ಮನೆಗಳ ಗೋಡೆಗಳು ನಿಜವಾಗಿಯೂ ಇವೆ. ಇಟ್ಟಿಗೆಯ ದುಂಡನೆಯ ತೊಟ್ಟಿಗಳಿವೆ. ಚರ್ಮ ಹದ ಮಾಡುವ ತೊಟ್ಟಿಗಳಿರಬಹುದೆಂದು ಕೆಲವರ ಅಭಿಪ್ರಾಯ. ನಾವು ಮೇಲೆ ಕಂಡ ಅಮೃತಶಿಲೆ, ಚಿನ್ನ, ಎಲ್ಲವೂ ನಿಂತಿರುವುದು ದುಡಿಯುವ ಜನರ ಕೇರಿಯೊಂದರ ಮೇಲೆ.

ಒಂಬತ್ತನೆಯ ಶತಮಾನದಲ್ಲಿ ಪೋಪ್ ಒಂದನೆಯ ಪಾಸ್ಕಲರು ಈ ದೇವಾಲಯವನ್ನು ಹೊಸದಾಗಿ ಕಟ್ಟಿಸಿ, ಆಪಿಯಾ ಹೆದ್ದಾರಿಯ ಬಳಿಯ ಭೂಗತ ಸಮಾಧಿಗಳಿಂದ ಸಂತರ ಅವಶೇಷಗಳನ್ನು ತಂದಿಟ್ಟರು. ಬಲಿಪೀಠದ ಹಿಂದಿನ ಕಮಾನಿನಲ್ಲಿ ಬಣ್ಣದ ಹರಳುಗಳಿಂದ ಮಾಡಿದ ಚಿತ್ರವಿದೆ: ನಡುವೆ ಕ್ರಿಸ್ತಪ್ರಭು, ಎರಡು ಕಡೆ ಸಂತರು, ಅವರೊಡನೆ ದೇವಾಲಯದ ಪುಟ್ಟ ಮಾದರಿಯನ್ನು ಕೈಯಲ್ಲಿ ಹಿಡಿದ ಪಾಸ್ಕಲರು. ಸಂತರ ತಲೆಯ ಹಿಂದೆ ದುಂಡನೆಯ ಪ್ರಭಾವಳಿ. ಪಾಸ್ಕಲರ ತಲೆಯ ಹಿಂದೆ ಮಾತ್ರ ಚೌಕದ ಪ್ರಭಾವಳಿ. ಚಿತ್ರ ಮಾಡುವಾಗ ಈತ ಇನ್ನೂ ಬದುಕಿದ್ದ ಎಂಬುದಕ್ಕೆ ಅದು ಗುರುತು. ಜೊತೆಗಿದ್ದ ಹಿರಿಯರೊಬ್ಬರು ಇದನ್ನು ಕೇಳಿ, “ಹಾಗಾದರೆ ಸ್ವಾಮಿ, ದುಡ್ಡು ಕೊಟ್ಟವರ ಹೆಸರು ಹಾಕಿಸೋದು ಆಗಲೇ ಇತ್ತು ಅನ್ನಿ” ಎಂದರು. ನಾವು ನಕ್ಕೆವು. ಆದರೆ ಆ ನಗು ನಮ್ಮನ್ನು ಬಿಡದೆ ಊರಿನವರೆಗೂ ಹಿಂಬಾಲಿಸಿತು. ಕಾರಣವನ್ನು ಮುಂದೆ ಹೇಳುತ್ತೇವೆ.

ಬಲಿಪೀಠದ ಕೆಳಗೆ ಸಿಸಿಲಿಯಮ್ಮನವರ ಪ್ರತಿಮೆಯಿದೆ. ೧೫೯೯ರಲ್ಲಿ ಕಾರ್ಡಿನಲ್ ಸ್ಫೊಂದ್ರಾತಿಯವರು ಸಮಾಧಿಯನ್ನು ತೆರೆಸಿದಾಗ, ಸೈಪ್ರಸ್ ಮರದ ಪೆಟ್ಟಿಗೆಯಲ್ಲಿ ಸಂತರ ದೇಹ ಕಂಡಿತೆಂದು ಅಂದಿನವರು ಬರೆದಿಟ್ಟಿದ್ದಾರೆ. ಸ್ತೆಫಾನೊ ಮದೆರ್ನೊ ಎಂಬ ಯುವ ಶಿಲ್ಪಿ ಆ ಭಂಗಿಯನ್ನು ಅಮೃತಶಿಲೆಯಲ್ಲಿ ಕಡೆದನು. ಆಕೆ ಒಂದು ಪಕ್ಕಕ್ಕೆ ಮಲಗಿದ್ದಾಳೆ, ಮುಖವನ್ನು ನೆಲದ ಕಡೆಗೆ ತಿರುಗಿಸಿದ್ದಾಳೆ, ಕುತ್ತಿಗೆಯ ಮೇಲೆ ಕತ್ತಿಯ ಗಾಯ. ಒಂದು ಕೈಯಲ್ಲಿ ಮೂರು ಬೆರಳು, ಇನ್ನೊಂದರಲ್ಲಿ ಒಂದು ಬೆರಳು ಚಾಚಿವೆ. ಮೂವರು ವ್ಯಕ್ತಿಗಳು, ಒಬ್ಬನೇ ದೇವರು ಎಂಬ ಕೊನೆಯ ಸಾಕ್ಷ್ಯವೆಂದು ಭಕ್ತರು ಅರ್ಥಮಾಡುತ್ತಾರೆ. ಮುಖ ಕಾಣದ ಪ್ರತಿಮೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಲೋಕವೆಲ್ಲ ಮುಖ ತೋರಿಸಲು ಹಾತೊರೆಯುವಾಗ ಈ ತಾಯಿ ಮುಖವನ್ನು ಮರೆಸಿ, ಬೆರಳುಗಳಿಂದ ಮಾತ್ರ ದೇವರನ್ನು ತೋರಿಸುತ್ತಿದ್ದಾಳೆ.

ದೇವಾಲಯಕ್ಕೆ ಹೊಂದಿಕೊಂಡಂತೆ ಬೆನೆದಿಕ್ತರ ಸಭೆಯ ಧರ್ಮಭಗಿನಿಯರ ಮಠವಿದೆ. ಅವರ ಪ್ರಾರ್ಥನಾಸ್ಥಳದ ಗೋಡೆಯಲ್ಲಿ ಪಿಯೆತ್ರೊ ಕವಾಲ್ಲೀನಿ ಎಂಬ ಕಲಾವಿದನು ೧೩ನೆಯ ಶತಮಾನದ ಕೊನೆಯಲ್ಲಿ ಬರೆದ ಅಂತಿಮ ತೀರ್ಪಿನ ಚಿತ್ರವಿದೆ. ಶತಮಾನಗಳ ಕಾಲ ಅದು ಮರದ ಆಸನಗಳ ಹಿಂದೆ ಮುಚ್ಚಿಹೋಗಿ, ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಿತು. ಕಾಣದಿದ್ದರೂ ಅದು ಇದ್ದೇ ಇತ್ತು.

ಈ ಮಠಕ್ಕೂ ನಮ್ಮ ನಾಡಿಗೂ ನೂಲಿನ ನಂಟೊಂದಿದೆ. ಮಹಾಧರ್ಮಾಧ್ಯಕ್ಷರು ಪೂಜೆಯ ಸಮಯದಲ್ಲಿ ಹೆಗಲ ಮೇಲೆ ಧರಿಸುವ, ಆರು ಕಪ್ಪು ಶಿಲುಬೆಗಳಿರುವ ಬಿಳಿಯ ಉಣ್ಣೆಯ ಪಟ್ಟಿಯನ್ನು ನೀವು ನೋಡಿರಬಹುದು. ಅದರ ಹೆಸರು ಪಾಲಿಯಂ. ಜನವರಿ ೨೧ರಂದು, ಸಂತ ಆಗ್ನೆಸಮ್ಮನವರ ಹಬ್ಬದಲ್ಲಿ ಕುರಿಮರಿಗಳನ್ನು ಆಶೀರ್ವದಿಸುವುದು, ಉಣ್ಣೆಯಿಂದ ಸಿಸಿಲಿಯಮ್ಮನವರ ಮಠದ ಭಗಿನಿಯರು ಪಾಲಿಯಂಗಳನ್ನು ನೇಯುವುದು, ಜೂನ್ ೨೯ರಂದು ಪೇತ್ರ ಪೌಲರ ಹಬ್ಬದಲ್ಲಿ ಜಗದ್ಗುರುಗಳು ಅವುಗಳನ್ನು ಆಶೀರ್ವದಿಸುವುದು ಪರಂಪರೆ. ೧೯೫೩ರಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರವಾದಂದಿನಿಂದ ಅಲ್ಲಿನ ಮಹಾಧರ್ಮಾಧ್ಯಕ್ಷರೂ ಪಾಲಿಯಂ ಧರಿಸುವ ಆ ಪಂಕ್ತಿಗೆ ಸೇರಿದರು. ಧರಿಸಿದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ನೇಯ್ದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಮುಂದೆ ಎರಡು ಬೀದಿಗಳಾಚೆ ‘ಸಾಂತಾ ಮರಿಯಾ ದೆಲ್ಲೋರ್ತೊ’ ಎಂಬ ದೇವಾಲಯ, ಅಂದರೆ ತೋಟದ ಮರಿಯಮ್ಮನವರ ದೇವಾಲಯ. ೧೫ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ತರಕಾರಿ ತೋಟಗಳಿದ್ದವು. ತೋಟದ ಗೋಡೆಯ ಮೇಲಿದ್ದ ದೇವಮಾತೆಯ ಚಿತ್ರದ ಮುಂದೆ ರೋಗಿಯಾದ ಬೇಸಾಯಗಾರನೊಬ್ಬ ಹರಕೆ ಹೊತ್ತು ಗುಣವಾದನೆಂದು ಹೇಳುತ್ತಾರೆ. ಆ ಮೇಲೆ ಈ ದೇವಾಲಯವನ್ನು ಕಟ್ಟಿ ಬೆಳೆಸಿದವರು ಅರಸರಲ್ಲ, ಶ್ರೀಮಂತರಲ್ಲ. ಹಣ್ಣು ಮಾರುವವರು, ಕೋಳಿ ಮಾರುವವರು, ಹಿಟ್ಟಿನ ಗಿರಣಿಯವರು, ಶ್ಯಾವಿಗೆ ಮಾಡುವವರು. ಪ್ರತಿಯೊಂದು ಕಸುಬಿನವರಿಗೂ ಅವರದೇ ಸಂಘ. ಹೊರಗೆ ಸಾಧಾರಣವಾಗಿ ಕಾಣುವ ಈ ದೇವಾಲಯದ ಒಳಗೆ ಎಲ್ಲಿ ನೋಡಿದರೂ ಹೂವು, ಹಣ್ಣು, ತರಕಾರಿಗಳ ಗಾರೆಯ ಅಲಂಕಾರ. ಶಾಸನಗಳಲ್ಲಿ ಕೆತ್ತಿರುವುದು ಕಸುಬುಗಳ ಹೆಸರನ್ನು.

ನಮ್ಮೊಡನಿದ್ದ ಇನ್ನೊಬ್ಬ ಹಿರಿಯರ ತಾಯಿ ವಾರದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದವರು. ಅವರು ಗೋಡೆಯ ಮೇಲಿನ ಹಣ್ಣುಗಳನ್ನು ಕತ್ತೆತ್ತಿ ನೋಡುತ್ತಾ, “ಇದು ನಮ್ಮೋರು ಕಟ್ಟಿದ ಚರ್ಚು, ಸ್ವಾಮಿ” ಎಂದರು. ಆ ಕಣ್ಣುಗಳಲ್ಲಿ ನೀರಿತ್ತು. ರೋಮಿನಲ್ಲಿ ನಾವು ಕೇಳಿದ ಉಪದೇಶಗಳಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ.

ಅದೇ ಕೇರಿಯ ಕೊನೆಯಲ್ಲಿ ಸಂತ ಫ್ರಾನ್ಸಿಸರ ದೇವಾಲಯ. ಅಸ್ಸಿಸಿಯ ಫ್ರಾನ್ಸಿಸರು ರೋಮಿಗೆ ಬಂದಾಗ ಇಲ್ಲಿದ್ದ ಧರ್ಮಛತ್ರದಲ್ಲಿ ತಂಗುತ್ತಿದ್ದರು. ಅವರು ತಲೆದಿಂಬಾಗಿ ಇಟ್ಟುಕೊಂಡಿದ್ದರೆನ್ನುವ ಕಲ್ಲನ್ನು ಇಂದಿಗೂ ಕಾಪಾಡಿದ್ದಾರೆ. ಅಲ್ಲಿಯೇ ಒಂದು ಪಕ್ಕದ ಗುಡಿಯಲ್ಲಿ ಶಿಲ್ಪಿ ಬೆರ್ನೀನಿ ತನ್ನ ಎಪ್ಪತ್ತರ ವಯಸ್ಸಿನಲ್ಲಿ ಕಡೆದ, ಧನ್ಯ ಲುದೊವೀಕಾ ಅಲ್ಬೆರ್ತೋನಿಯವರ ಪ್ರತಿಮೆಯಿದೆ. ಈಕೆ ಶ್ರೀಮಂತ ವಿಧವೆ. ತನ್ನ ಆಸ್ತಿಯನ್ನು ಬಡವರಿಗೆ ಹಂಚಿ ೧೫೩೩ರಲ್ಲಿ ತೀರಿಕೊಂಡರು.

ಕೊನೆಯದಾಗಿ ದೊಡ್ಡ ರಸ್ತೆಯನ್ನು ದಾಟಿ ಕ್ರಿಸೋಗೊನರ ದೇವಾಲಯಕ್ಕೆ ಬಂದೆವು. ಈಗಿನ ದೇವಾಲಯ ೧೨ನೆಯ ಶತಮಾನದ್ದು. ೨೦ನೆಯ ಶತಮಾನದ ಆರಂಭದಲ್ಲಿ ನೆಲವನ್ನು ಅಗೆದಾಗ, ಅದರ ಕೆಳಗೆ ಇನ್ನೂ ಹಳೆಯದಾದ ಇಡೀ ಒಂದು ದೇವಾಲಯ ಸಿಕ್ಕಿತು. ಕಬ್ಬಿಣದ ಮೆಟ್ಟಿಲುಗಳಲ್ಲಿ ಇಳಿದರೆ ತಂಪಾದ ಕತ್ತಲು, ಮಾಸಿದ ಚಿತ್ರಗಳು, ದೀಕ್ಷಾಸ್ನಾನಕ್ಕೆ ಬಳಸಿರಬಹುದಾದ ತೊಟ್ಟಿ. ೪೯೯ರಲ್ಲಿ ರೋಮಿನ ಗುರುಗಳು ಒಂದು ಸಭೆಯಲ್ಲಿ ಸೇರಿ ಸಹಿ ಹಾಕಿದಾಗ, ಕ್ರಿಸೋಗೊನರ ದೇವಾಲಯದ ಗುರುವೂ ಸಿಸಿಲಿಯಮ್ಮನವರ ದೇವಾಲಯದ ಗುರುವೂ ಅದರಲ್ಲಿದ್ದರು. ಅಂದರೆ ಸಾವಿರದ ಐನೂರು ವರ್ಷಗಳ ಹಿಂದೆಯೇ ಇಲ್ಲಿ ನಮ್ಮಂತಹ ವಿಚಾರಣಾ ಗುರುಗಳಿದ್ದರು. ರೋಗಿಗಳನ್ನು ನೋಡಲು ಹೋಗುತ್ತಿದ್ದರು, ಜಗಳಗಳನ್ನು ಬಿಡಿಸುತ್ತಿದ್ದರು, ಒಮ್ಮೊಮ್ಮೆ ಬೇಸರಪಡುತ್ತಲೂ ಇದ್ದಿರಬೇಕು.

ಮೇಲಿನ ದೇವಾಲಯದಲ್ಲಿ ಧನ್ಯ ಅನ್ನಾ ಮರಿಯಾ ತೈಜಿಯವರ ದೇಹವಿದೆ. ಈಕೆ ಮಠವನ್ನು ಸ್ಥಾಪಿಸಿದವರಲ್ಲ, ಗ್ರಂಥ ಬರೆದವರಲ್ಲ. ದೊಡ್ಡ ಮನೆತನವೊಂದರಲ್ಲಿ ಚಾಕರಿ ಮಾಡುತ್ತಿದ್ದವನ ಹೆಂಡತಿ, ಏಳು ಮಕ್ಕಳ ತಾಯಿ. ಅಡಿಗೆ, ಹೊಲಿಗೆ, ಮುಂಗೋಪದ ಗಂಡ, ಬಡತನ, ಇವುಗಳ ನಡುವೆಯೇ ಪ್ರಾರ್ಥಿಸಿ ೧೮೩೭ರಲ್ಲಿ ತೀರಿಕೊಂಡರು. ೧೯೨೦ರಲ್ಲಿ ಧರ್ಮಸಭೆ ಈಕೆಯನ್ನು ಧನ್ಯರ ಪಂಕ್ತಿಗೆ ಸೇರಿಸಿತು.

ಆ ಕೇರಿಯಲ್ಲಿ ಎಲ್ಲವೂ ಸೊಗಸಾಗಿದೆಯೆಂದು ಹೇಳಿದರೆ ಅರ್ಧಸತ್ಯವಾದೀತು. ೧೮೭೦ರ ಮಹಾಪ್ರವಾಹದ ನಂತರ ನದಿಗೆ ಎತ್ತರದ ಗೋಡೆಗಳನ್ನು ಕಟ್ಟಿದಾಗ ಅಲ್ಲಿನ ಹಳೆಯ ಬಂದರು ಅಳಿಯಿತು, ಅದನ್ನು ನಂಬಿದ್ದ ಕಸುಬುಗಳೂ ಅಳಿದವು. ಇಂದು ಹಲವು ಮನೆಗಳು ಪ್ರವಾಸಿಗರ ವಸತಿಗಳಾಗಿವೆ; ಹಳೆಯ ಸಂಸಾರಗಳು ಬಾಡಿಗೆ ತೆರಲಾಗದೆ ನಗರದ ಅಂಚಿಗೆ ಹೋಗಿವೆ. ವಾರದ ದಿನದ ಪೂಜೆಯೊಂದರಲ್ಲಿ ನಾವು ಎಣಿಸಿದ ತಲೆಗಳು ಹನ್ನೊಂದು, ಅವುಗಳಲ್ಲಿ ನಾವು ಮೂವರು. ಕಲ್ಲು ಉಳಿಯುತ್ತದೆ, ಜನ ಚದುರುತ್ತಾರೆ. ನಮ್ಮ ವಿಚಾರಣೆಯಲ್ಲಿಯೂ ಬೀಗ ಹಾಕಿದ ಮನೆಗಳಿವೆ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ. ಹೀಗಿರಲು ಆ ಎರಡು ದೇವಾಲಯಗಳು ಸಾವಿರದ ಐನೂರು ವರ್ಷ ಬದುಕಿದ್ದಾದರೂ ಹೇಗೆ?

ಉತ್ತರದ ಒಂದು ಭಾಗವನ್ನು ಅದೇ ತ್ರಾಸ್ತೆವೆರೆಯ ಪಶ್ಚಿಮ ಭಾಗದಲ್ಲಿ ಕಂಡೆವು. ೧೯೬೮ರಲ್ಲಿ ರೋಮಿನ ಕೆಲವು ಶಾಲಾ ವಿದ್ಯಾರ್ಥಿಗಳು ಶುಭಸಂದೇಶವನ್ನು ಓದಿ ಬಡವರ ಬಳಿಗೆ ಹೋಗತೊಡಗಿದರು. ಮುಂದೆ ಈ ಕೇರಿಯ ಸಂತ ಎಜಿದಿಯೊ ಅವರ ಹಳೆಯ ಮಠ ಅವರ ನೆಲೆಯಾಯಿತು. ೧೯೮೨ರ ಕ್ರಿಸ್ಮಸ್ ದಿನ ಅವರು ಅಲ್ಲಿನ ಮರಿಯಮ್ಮನವರ ಮಹಾದೇವಾಲಯದ ಒಳಗೇ ಮೇಜು ಹಾಕಿ ಇಪ್ಪತ್ತರಷ್ಟು ಬಡವರಿಗೆ ಊಟ ಬಡಿಸಿದರು. ಆ ಪಂಕ್ತಿ ಇಂದು ಹಲವು ದೇಶಗಳಿಗೆ ಹರಡಿದೆ. ೧೯೯೨ರ ಅಕ್ಟೋಬರ್ ೪ರಂದು ಮೊಜಾಂಬಿಕ್ ದೇಶದ ಅಂತರ್ಯುದ್ಧವನ್ನು ಕೊನೆಗೊಳಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅವರ ಆಶ್ರಯದಲ್ಲಿಯೇ. ಬಾಗಿಲು ತೆರೆದ ಮನೆಯೊಂದು ದೇವಾಲಯವಾಯಿತು. ದೇವಾಲಯ ಮತ್ತೆ ಬಾಗಿಲು ತೆರೆದಾಗ ಮನೆಯಾಯಿತು.

ಇನ್ನು ನಮ್ಮ ಊರಿಗೆ ಬರೋಣ. ಶತಮಾನೋತ್ಸವದ ಸ್ಮಾರಕ ಶಿಲೆಯ ಮೇಲೆ ಯಾರ ಯಾರ ಹೆಸರು ಇರಬೇಕೆಂದು ಸಮಿತಿಯಲ್ಲಿ ಮೂರು ಸಭೆಗಳು ನಡೆದದ್ದು ನಿಮಗೆ ಗೊತ್ತು. ಕಾಣಿಕೆಯ ಮೊತ್ತದಂತೆ ಹೆಸರಿನ ಅಕ್ಷರಗಳ ಗಾತ್ರವಿರಲೆಂಬ ಸಲಹೆಯೂ ಬಂದಿತ್ತು. ಮನಸ್ತಾಪಗಳೂ ಆದವು. ಅದೇ ವಾರದಲ್ಲಿ ನಾವು ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನೂ, ದೇವಾಲಯ ಕಟ್ಟಿದ ಕಾಲದ ಲೆಕ್ಕದ ಪುಸ್ತಕವನ್ನೂ ತೆರೆದು ಕುಳಿತೆವು. ದೀಕ್ಷಾಸ್ನಾನದ ಪುಸ್ತಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ, ಸುಂದರವಾದ ಕೈಬರಹದಲ್ಲಿ, ನಿಮ್ಮ ಅಜ್ಜ ಮುತ್ತಜ್ಜಂದಿರ ಹೆಸರುಗಳಿವೆ. ಲೆಕ್ಕದ ಪುಸ್ತಕದಲ್ಲಿ ಸುಣ್ಣದ ಬೆಲೆಯಿದೆ, ಮರದ ಬೆಲೆಯಿದೆ, ಮೇಸ್ತ್ರಿಯ ಹೆಸರಿದೆ. ಆಮೇಲೆ ಪುಟ ಪುಟದಲ್ಲಿಯೂ ಒಂದೇ ಸಾಲು: ‘ಕಲ್ಲು ಹೊತ್ತ ಹೆಂಗಸರಿಗೆ ಕೂಲಿ’. ಹೆಸರಿಲ್ಲ. ನಾವು ನಿತ್ಯ ಬಲಿಪೂಜೆ ಅರ್ಪಿಸುವ ಈ ಗೋಡೆಗಳನ್ನು ತಲೆಯ ಮೇಲೆ ಹೊತ್ತು ತಂದವರು ಆವರಣ ಚಿಹ್ನೆಯೊಳಗೂ ಇಲ್ಲ. ಅವರನ್ನು ಪೂರ್ತಿಯಾಗಿಯೇ ಬಿಟ್ಟುಬಿಟ್ಟಿದ್ದೇವೆ.

ಆದುದರಿಂದ ನಮ್ಮ ನಿರ್ಧಾರವನ್ನು ನಿಮ್ಮ ಮುಂದೆ ಅರಿಕೆ ಮಾಡುತ್ತೇವೆ. ಸ್ಮಾರಕ ಶಿಲೆಯಲ್ಲಿ ಇಸವಿಯೊಂದನ್ನು ಬಿಟ್ಟು ಯಾರ ಹೆಸರೂ ಇರುವುದಿಲ್ಲ. ವಿಚಾರಣಾ ಗುರುಗಳ ಹೆಸರೂ ಇರುವುದಿಲ್ಲ. ಚೌಕದ ಪ್ರಭಾವಳಿ ನಮಗೆ ಬೇಡ. ಅದರ ಬದಲು ಬಲಿಪೀಠದ ಬಳಿ ಒಂದು ಪುಸ್ತಕವನ್ನು ಇಡುತ್ತೇವೆ. ನಿಮ್ಮ ಮನೆಯ ಹಿರಿಯರನ್ನು ಕೇಳಿರಿ. ಕಲ್ಲು ಹೊತ್ತ ಅಜ್ಜಿ ಯಾರು? ಹಿಡಿ ಅಕ್ಕಿ ಎತ್ತಿಟ್ಟು ಕೊಟ್ಟವಳು ಯಾರು? ಮಳೆಯಲ್ಲಿಯೂ ಗಂಟೆ ಹೊಡೆದವನು ಯಾರು? ನೆನಪಿರುವವರು ಇನ್ನು ಕೆಲವೇ ಮಂದಿ ಉಳಿದಿದ್ದಾರೆ. ಅವರೊಡನೆ ಆ ಹೆಸರುಗಳೂ ಮಣ್ಣು ಸೇರುವ ಮೊದಲು ಬರೆಯಿಸಿರಿ. ನವೆಂಬರ್ ೨ರಂದು, ಮೃತರ ಸ್ಮರಣೆಯ ದಿನ, ಎಷ್ಟು ಹೊತ್ತಾದರೂ ಸರಿ, ಎಲ್ಲ ಹೆಸರುಗಳನ್ನೂ ನಾವು ಓದುತ್ತೇವೆ. ನೀವು ಕುಳಿತು ಕೇಳಬೇಕು.

ಊರಿಗೆ ಹಿಂದಿರುಗಿದ ಮೊದಲನೆಯ ಭಾನುವಾರ ನಾವು ಮೊದಲನೆಯ ಮಹಾಪ್ರಾರ್ಥನೆಯನ್ನು ಪೂರ್ತಿಯಾಗಿ ಹೇಳಿದೆವು. ಕ್ರಿಸೋಗೊನ ಎಂಬ ಹೆಸರು ಬಂದಾಗ ತಂಪಾದ ಕತ್ತಲಿನ ಆ ಮೆಟ್ಟಿಲುಗಳು ನೆನಪಾದವು. ಸಿಸಿಲಿಯಾ ಎಂಬ ಹೆಸರು ಬಂದಾಗ ನೆಲಕ್ಕೆ ತಿರುಗಿದ ಆ ಮುಖ. ಪೂಜೆ ಎರಡು ನಿಮಿಷ ತಡವಾಯಿತು. ಯಾರೂ ಬೇಸರಪಟ್ಟಂತೆ ಕಾಣಲಿಲ್ಲ.

ದೇವಮಾತೆಯ ಪ್ರಾರ್ಥನೆಯೂ, ಹೆಸರು ತಿಳಿಯದ ನಮ್ಮ ಹಿರಿಯರ ಆಶೀರ್ವಾದವೂ ಈ ವಿಚಾರಣೆಯ ಮೇಲೆ ಸದಾ ಇರಲಿ.